ಹಂದಿ ಮಾಂಸದ ತಪಾಸಣೆ: ಮಾಂಸ ತಿನ್ನದವರೂ ತಿಳಿದಿರಬೇಕಾದ ವಿಷಯ

ಕೆಲವು ವರ್ಷಗಳ ಹಿಂದೆ ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಜೆಜಿ-11 ಕಡಲೆಯ ಕ್ಷೇತ್ರೋತ್ಸವ ನಡೆದಿತ್ತು. ಬೀಜೋಪಚಾರ, ಕುಡಿ ಚಿವುಟುವುದು, ಕಾಯಿಕೊರಕದ ಹತೋಟಿ ಎಲ್ಲ ಮಾತಾಡಿ ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ಎದ್ದು ನಿಂತು ಬೆಳೆಗೆ ಸಂಬಂಧವಿಲ್ಲದ ಪ್ರಶ್ನೆಯೊಂದನ್ನು ಕೇಳಿದರು.

"ಸಾಹೇಬ್ರ, ನಮ್ಮ ಮೊಮ್ಮಗಗ ಮೂರ್ಛೆ ಬರಾಕ ಹತ್ತಿತ್ರಿ. ಹುಬ್ಬಳ್ಳ್ಯಾಗ ತಲಿ ಸ್ಕ್ಯಾನ್ ಮಾಡಿಸಿದಿವಿ. ಮಿದುಳಾಗ ಹಂದಿ ಲಾಡಿಹುಳದ ಗುಳ್ಳಿ ಐತಿ ಅಂದ್ರು. ನಮ್ಮ ಮನ್ಯಾಗ ತತ್ತಿ ಸೈತ ಮುಟ್ಟಂಗಿಲ್ಲ. ಹಂದಿ ಹುಳ ಎಲ್ಲಿಂದ ಬಂತ್ರಿ?"

ನಾನು ಬೇಸಾಯ ಶಾಸ್ತ್ರದವನು. ಆ ದಿನ ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಊರಿಗೆ ಮರಳಿದ ಮೇಲೆ ಪಶುವೈದ್ಯ ಮಿತ್ರರನ್ನು ಕೇಳಿ, ಓದಿ ತಿಳಿದುಕೊಂಡೆ. ಆ ಉತ್ತರದ ಒಂದು ತುದಿ ಹಂದಿ ಕಡಿಯುವ ಕಸಾಯಿಖಾನೆಯಲ್ಲಿದೆ, ಇನ್ನೊಂದು ತುದಿ ನಮ್ಮ ಹೊಲ ಮತ್ತು ಹಿತ್ತಲಿನಲ್ಲಿಯೇ ಇದೆ. ಹಂದಿ ಮಾಂಸದ ತಪಾಸಣೆ ಹೇಗೆ ನಡೆಯಬೇಕು, ಅದು ಯಾರನ್ನು ಕಾಪಾಡುತ್ತದೆ, ಯಾವುದು ಅದರ ಕೈಮೀರಿದ್ದು ಎಂಬುದನ್ನು ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ರೈತ ಬಾಂಧವರಿಗೂ ವಿಸ್ತರಣಾ ಕಾರ್ಯಕರ್ತರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಹುಳುವಿನ ಬಾಳು

ಹಂದಿ ಲಾಡಿಹುಳುವಿಗೆ ಎರಡು ಮನೆಗಳು ಬೇಕು. ಒಂದು ಮನುಷ್ಯ, ಇನ್ನೊಂದು ಹಂದಿ.

ಬೆಳೆದ ಹುಳು ಇರುವುದು ಮನುಷ್ಯನ ಸಣ್ಣ ಕರುಳಿನಲ್ಲಿ ಮಾತ್ರ. ಅದು ಸಾಮಾನ್ಯವಾಗಿ 2 ರಿಂದ 4 ಮೀಟರ್ ಉದ್ದದ, ಲಾಡಿಯಂತೆ ಚಪ್ಪಟೆಯಾದ ಹುಳು. ದೇಹದಲ್ಲಿ ನೂರಾರು ತುಂಡುಗಳಿರುತ್ತವೆ. ಬಲಿತ ತುಂಡುಗಳು ಕಳಚಿಕೊಂಡು ಮಲದೊಂದಿಗೆ ಹೊರಬೀಳುತ್ತವೆ. ಒಂದೊಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆಗಳಿರಬಹುದು. ಹುಳು ಇದ್ದವರಿಗೆ ಹೆಚ್ಚಿನ ತೊಂದರೆ ಕಾಣಿಸದ ಕಾರಣ, ವರ್ಷಗಟ್ಟಲೆ ಅದು ಇರುವುದೇ ಅವರಿಗೆ ತಿಳಿಯುವುದಿಲ್ಲ.

ಬಯಲಲ್ಲಿ ಬಿದ್ದ ಮಲವನ್ನು ಹಂದಿ ತಿಂದರೆ ಮೊಟ್ಟೆಗಳು ಅದರ ಹೊಟ್ಟೆಯಲ್ಲಿ ಒಡೆದು, ಮರಿಗಳು ರಕ್ತದ ಮೂಲಕ ಸ್ನಾಯುಗಳನ್ನು ಸೇರುತ್ತವೆ. ಎರಡು ಮೂರು ತಿಂಗಳಲ್ಲಿ ಅಲ್ಲಿ ಅಕ್ಕಿಕಾಳಿನಿಂದ ಹಿಡಿದು ಕಡಲೆಕಾಳಿನಷ್ಟು ಗಾತ್ರದ ನೀರುಗುಳ್ಳೆಗಳಾಗುತ್ತವೆ. ಈ ಗುಳ್ಳೆಗಳಿರುವ ಮಾಂಸವನ್ನು ಅರೆಬೆಂದದ್ದಾಗಿ ತಿಂದ ಮನುಷ್ಯನ ಕರುಳಿನಲ್ಲಿ ಮತ್ತೆ ಲಾಡಿಹುಳು ಬೆಳೆಯುತ್ತದೆ. ಹೀಗೆ ಒಂದು ಸುತ್ತು ಪೂರ್ತಿಯಾಗುತ್ತದೆ.

ಅಪಾಯ ಇರುವುದು ಈ ಸುತ್ತಿನ ಒಂದು ಅಡ್ಡದಾರಿಯಲ್ಲಿ. ಹಂದಿ ತಿನ್ನಬೇಕಾದ ಮೊಟ್ಟೆಯನ್ನು ಮನುಷ್ಯನೇ ನುಂಗಿದರೆ, ಹಂದಿಯ ಸ್ನಾಯುವಿನಲ್ಲಿ ಆಗಬೇಕಾದ ಗುಳ್ಳೆ ಮನುಷ್ಯನ ಸ್ನಾಯುವಿನಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ ಆಗುತ್ತದೆ. ಮಿದುಳಿನಲ್ಲಿ ಆದರೆ ಮೂರ್ಛೆ ಬರುತ್ತದೆ. ನಮ್ಮ ದೇಶದಲ್ಲಿ ಮೂರ್ಛೆಗೆ ಇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಈ ರೋಗಿಗಳಲ್ಲಿ ಹೆಚ್ಚಿನವರು ಹಂದಿ ಮಾಂಸವನ್ನು ಎಂದೂ ತಿಂದವರಲ್ಲ.

ಇಲ್ಲಿ ಎರಡು ಮಾತುಗಳನ್ನು ಗಟ್ಟಿಯಾಗಿ ನೆನಪಿಡಬೇಕು.

1. ಮಾಂಸದಲ್ಲಿರುವ ಗುಳ್ಳೆ ತಿಂದರೆ ಕರುಳಿನಲ್ಲಿ ಹುಳು ಆಗುತ್ತದೆಯೇ ಹೊರತು, ಅದು ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಮಿದುಳಿಗೆ ಹೋಗುವುದು ಮೊಟ್ಟೆಯಿಂದ ಹೊರಬಂದ ಮರಿ.

2. ಆ ಮೊಟ್ಟೆ ಹೊರಬರುವುದು ಮನುಷ್ಯನ ಮಲದಿಂದ ಮಾತ್ರ. ಹಂದಿಯ ಸಗಣಿಯಲ್ಲಿ ಈ ಮೊಟ್ಟೆ ಇರುವುದಿಲ್ಲ.

ಆದ್ದರಿಂದ ಓಣಿಯಲ್ಲಿ ಹಂದಿ ಕಂಡೊಡನೆ ಕಲ್ಲು ಬೀರುವುದರಿಂದ ಅಥವಾ ಹಂದಿ ಸಾಕುವ ಕುಟುಂಬಗಳನ್ನು ಬೈಯುವುದರಿಂದ ರೋಗ ಹೋಗುವುದಿಲ್ಲ. ಹಂದಿ ಇಲ್ಲಿ ರೋಗ ಹುಟ್ಟಿಸಿದ ಪ್ರಾಣಿಯಲ್ಲ, ನಮ್ಮ ಹೊಲಸನ್ನು ತಿಂದು ತಾನೇ ರೋಗಕ್ಕೆ ತುತ್ತಾದ ಪ್ರಾಣಿ.

ತಪಾಸಣೆ ಏಕೆ ಬಂತು?

ಹಂದಿ ಮಾಂಸದಲ್ಲಿ ಆಲಿಕಲ್ಲಿನಂಥ ಗುಳ್ಳೆಗಳಿರುವುದು ಪ್ರಾಚೀನ ಗ್ರೀಕರಿಗೂ ಗೊತ್ತಿತ್ತು. ಹಂದಿಯ ನಾಲಗೆ ಎಳೆದು ನೋಡುವ ರೂಢಿ ಅವರಲ್ಲಿಯೂ ಇತ್ತು. ಆದರೆ ಆ ಗುಳ್ಳೆಯೇ ಮನುಷ್ಯನಲ್ಲಿ ಲಾಡಿಹುಳುವಾಗುತ್ತದೆ ಎಂಬುದು ಖಚಿತವಾದದ್ದು 1855ರಲ್ಲಿ. ಜರ್ಮನಿಯ ವೈದ್ಯ ಕ್ಯೂಖೆನ್‌ಮೈಸ್ಟರ್ ಮರಣದಂಡನೆಗೆ ಗುರಿಯಾದ ಕೈದಿಗೆ ಗುಳ್ಳೆಯುಕ್ತ ಮಾಂಸ ತಿನ್ನಿಸಿ, ಆತನ ಮರಣಾನಂತರ ಕರುಳಿನಲ್ಲಿ ಹುಳುಗಳನ್ನು ಕಂಡ. ಇಂಥ ಪ್ರಯೋಗ ಇಂದು ಯಾರಿಗೂ ಒಪ್ಪಿಗೆಯಾಗದು. ಆದರೂ ಅದರಿಂದ ಬಂದ ತಿಳಿವಳಿಕೆಯ ಮೇಲೆ ಯುರೋಪಿನಲ್ಲಿ ಮಾಂಸ ತಪಾಸಣೆ ಬೆಳೆಯಿತು. ಹಂದಿಗಳನ್ನು ಕಟ್ಟಿ ಸಾಕುವುದು, ಶೌಚಾಲಯದ ಬಳಕೆ ಮತ್ತು ಮಾಂಸದ ತಪಾಸಣೆ ಈ ಮೂರೂ ಕೂಡಿ ಅಲ್ಲಿ ಈ ಹುಳುವನ್ನು ಬಹುಮಟ್ಟಿಗೆ ಇಲ್ಲವಾಗಿಸಿದವು. ಮೂರರಲ್ಲಿ ಒಂದನ್ನೇ ಮಾಡಿದ್ದರೆ ಆ ಫಲ ಸಿಗುತ್ತಿರಲಿಲ್ಲ.

ನಮ್ಮಲ್ಲಿಯೂ ನಿಯಮಗಳಿವೆ. ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಬಂದ 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಪರವಾನಗಿ ಇರುವ ಕಸಾಯಿಖಾನೆಯಲ್ಲಿ, ಪಶುವೈದ್ಯರು ಯೋಗ್ಯವೆಂದು ಪ್ರಮಾಣೀಕರಿಸಿದ ಪ್ರಾಣಿಯನ್ನು ಮಾತ್ರ ಕಡಿಯಬೇಕು. ಗಬ್ಬದ ಪ್ರಾಣಿ, 3 ತಿಂಗಳೊಳಗಿನ ಮರಿ ಮತ್ತು 3 ತಿಂಗಳೊಳಗಿನ ಮರಿಯುಳ್ಳ ತಾಯಿ ಇವುಗಳನ್ನು ಕಡಿಯಕೂಡದು. ಒಬ್ಬ ಪಶುವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಕೂಡದು. ಅಂದರೆ ಒಂದು ಪ್ರಾಣಿಗೆ ಕನಿಷ್ಠ 5 ನಿಮಿಷ ಸಿಗಲೇಬೇಕು. ಇದರ ಜೊತೆಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಹಾಗೂ ಅದರಡಿಯ 2011ರ ನಿಯಮಾವಳಿಗಳು ಮಾಂಸ ಕಡಿಯುವ, ಮಾರುವ ಎಲ್ಲರಿಗೂ ಅನ್ವಯಿಸುತ್ತವೆ. ದಿನಕ್ಕೆ 10 ಸಣ್ಣ ಪ್ರಾಣಿಗಳವರೆಗೆ ಕಡಿಯುವ ಚಿಕ್ಕ ವ್ಯಾಪಾರಿಯೂ ನೋಂದಣಿ ಮಾಡಿಸಬೇಕು.

ಕಡಿಯುವ ಮುಂಚಿನ ತಪಾಸಣೆ

ತಪಾಸಣೆ ಎಂದರೆ ಮಾಂಸಕ್ಕೆ ಮುದ್ರೆ ಒತ್ತುವುದಷ್ಟೇ ಎಂಬ ಭಾವನೆ ಹಲವರಲ್ಲಿದೆ. ನಿಜವಾಗಿ ಅದರ ಅರ್ಧ ಕೆಲಸ ಪ್ರಾಣಿ ಜೀವಂತವಿದ್ದಾಗಲೇ ಮುಗಿಯಬೇಕು. ಕೆಲವು ರೋಗಗಳು ನಡೆದಾಡುವ ಪ್ರಾಣಿಯಲ್ಲಿ ಕಾಣುತ್ತವೆ, ಕಡಿದ ಮೇಲೆ ಕಾಣುವುದಿಲ್ಲ.

ಹಂದಿಗಳು ಬಂದ ಮೇಲೆ ನೆರಳಿರುವ ದೊಡ್ಡಿಯಲ್ಲಿ ಅವುಗಳಿಗೆ ವಿಶ್ರಾಂತಿ ಕೊಡಬೇಕು. 2001ರ ನಿಯಮದಂತೆ ಈ ವಿಶ್ರಾಂತಿ 24 ಗಂಟೆ. ನೀರು ಸದಾ ಇರಬೇಕು. ದಣಿದ, ಹೆದರಿದ ಹಂದಿಯ ಮಾಂಸ ಬೇಗ ಕೆಡುತ್ತದೆ ಅಥವಾ ನೀರೊಸರಿ ಸಪ್ಪೆಯಾಗುತ್ತದೆ. ತಪಾಸಣಾಧಿಕಾರಿ ಈ ಕೆಳಗಿನವುಗಳನ್ನು ನೋಡುತ್ತಾರೆ.

1. ನಡಿಗೆ ಮತ್ತು ನಿಲುವು. ಗುಂಪಿನಿಂದ ದೂರ ಮಲಗಿರುವುದು, ಕುಂಟುವುದು, ಹಿಂಗಾಲು ಎಳೆಯುವುದು.

2. ಜ್ವರ. ಹಂದಿಯ ಸಹಜ ಉಷ್ಣತೆ ಸುಮಾರು 102 ರಿಂದ 103 ಡಿಗ್ರಿ ಫ್ಯಾರನ್‌ಹೀಟ್. ಹೆಚ್ಚಿದ್ದರೆ ಅಂಥ ಹಂದಿಯನ್ನು ಬೇರೆ ಕಟ್ಟಿ, ಮರುಪರೀಕ್ಷೆಗೆ ಇಡಬೇಕು.

3. ಚರ್ಮ. ಕಿವಿ, ಹೊಟ್ಟೆ, ತೊಡೆಯ ಒಳಭಾಗದಲ್ಲಿ ಕೆಂಪು ಅಥವಾ ನೇರಳೆ ಬಣ್ಣ ಕಂಡರೆ ಹಂದಿಜ್ವರದ ಸಂಶಯ. ಚೌಕಾಕಾರದ ಉಬ್ಬಿದ ಕೆಂಪು ಕಲೆಗಳಿದ್ದರೆ ಎರಿಸಿಪೆಲಾಸ್ ಎಂಬ ರೋಗ. ಇದು ಗಾಯದ ಮೂಲಕ ಕಡಿಯುವವರ ಕೈಗೂ ತಗಲುತ್ತದೆ.

4. ಬಾಯಿ ಮತ್ತು ಗೊರಸು. ಗುಳ್ಳೆ, ಹುಣ್ಣು ಇದ್ದರೆ ಕಾಲುಬಾಯಿ ಬೇನೆ.

5. ನಾಲಗೆ. ನಾಲಗೆಯ ತಳಭಾಗದಲ್ಲಿ ಲಾಡಿಹುಳುವಿನ ಗುಳ್ಳೆಗಳು ಚಿಕ್ಕ ಗಂಟುಗಳಂತೆ ಕಾಣುತ್ತವೆ, ಕೈಗೂ ಹತ್ತುತ್ತವೆ.

ಆಫ್ರಿಕನ್ ಹಂದಿಜ್ವರ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ. 2022ರಲ್ಲಿ ಪಕ್ಕದ ಕೇರಳದ ವಯನಾಡಿಗೂ ಬಂತು. ಇದು ಮನುಷ್ಯರಿಗೆ ತಗಲುವುದಿಲ್ಲವಾದರೂ ಊರಿನ ಹಂದಿಗಳನ್ನೆಲ್ಲ ಕೊಲ್ಲಬಲ್ಲದು. ಇಂಥ ರೋಗದ ಮೊದಲ ಸುದ್ದಿ ಹಲವು ಸಲ ಸಿಗುವುದು ಕಸಾಯಿಖಾನೆಯ ದೊಡ್ಡಿಯಲ್ಲಿ. ಸಂಶಯ ಬಂದ ಹಂದಿಯನ್ನು ಕಡಿಯದೆ ತಕ್ಷಣ ಪಶುಪಾಲನಾ ಇಲಾಖೆಗೆ ತಿಳಿಸುವುದು ಅವಶ್ಯ.

ಕಡಿದ ನಂತರದ ತಪಾಸಣೆ

ಇದಕ್ಕೆ ಮೊದಲು ಬೇಕಾದುದು ಬೆಳಕು. ತಪಾಸಣೆಯ ಜಾಗದಲ್ಲಿ 540 ಲಕ್ಸ್ ಬೆಳಕಿರಬೇಕೆಂದು ಅಂತರರಾಷ್ಟ್ರೀಯ ಸಂಹಿತೆ ಹೇಳುತ್ತದೆ. ಬರಹವನ್ನು ಆರಾಮವಾಗಿ ಓದಬಹುದಾದಷ್ಟು ಬೆಳಕೆಂದು ತಿಳಿಯಬಹುದು. ಬೆಳಗಿನ ಜಾವದ ಕತ್ತಲಲ್ಲಿ ಒಂದೇ ಬಲ್ಬಿನ ಕೆಳಗೆ ಮಾಡಿದ ತಪಾಸಣೆ ತಪಾಸಣೆಯಲ್ಲ. ಎರಡನೆಯದು ಬಿಸಿನೀರು. ಒಂದು ಹಂದಿಗೆ ಬಳಸಿದ ಚಾಕುವನ್ನು 82 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದ್ದದೆ ಇನ್ನೊಂದಕ್ಕೆ ಬಳಸಬಾರದು. ಮೂರನೆಯದು ಸಂಖ್ಯೆ. ತಲೆ, ಒಳಾಂಗಗಳು ಮತ್ತು ದೇಹ ಒಂದೇ ಹಂದಿಯವು ಎಂದು ತೋರಿಸುವ ಚೀಟಿ ಇರಬೇಕು. ತಲೆಯಲ್ಲಿ ಗುಳ್ಳೆ ಸಿಕ್ಕಾಗ ಅದರ ದೇಹ ಯಾವುದೆಂದು ಗೊತ್ತಾಗದಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ತಪಾಸಣೆಯ ಕ್ರಮ ಮೂರು ಹಂತದ್ದು: ಕಣ್ಣಿನಿಂದ ನೋಡುವುದು, ಕೈಯಿಂದ ಒತ್ತಿ ನೋಡುವುದು, ಚಾಕುವಿನಿಂದ ಸೀಳಿ ನೋಡುವುದು.

ತಲೆ: ಕೆಳದವಡೆಯ ಹಿಂದಿರುವ ದುಗ್ಧಗ್ರಂಥಿಗಳನ್ನು ಸೀಳಿ ಕ್ಷಯದ ಗಂಟು, ಕೀವು ಇವೆಯೇ ಎಂದು ನೋಡುತ್ತಾರೆ. ಅಗಿಯುವ ದವಡೆ ಸ್ನಾಯುಗಳನ್ನು ಮೂಳೆಗೆ ಸಮಾನಾಂತರವಾಗಿ ಅಗಲವಾಗಿ ಸೀಳುತ್ತಾರೆ. ನಾಲಗೆಯನ್ನು ಹೊರತೆಗೆದು ಒತ್ತಿ ನೋಡುತ್ತಾರೆ.

ಹೃದಯ: ತೆರೆದು, ನಡುವಿನ ಗೋಡೆಯನ್ನು ಸೀಳಿ ನೋಡುತ್ತಾರೆ. ಸದಾ ದುಡಿಯುವ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುವುದರಿಂದ ಗುಳ್ಳೆಗಳು ಅಲ್ಲಿಯೇ ಹೆಚ್ಚು ನೆಲೆಸುತ್ತವೆ. ದವಡೆ, ನಾಲಗೆ, ಹೃದಯ, ವಪೆ, ಮುಂಗಾಲಿನ ಭುಜ ಇವುಗಳನ್ನೇ ಆರಿಸಿ ಸೀಳುವುದಕ್ಕೆ ಇದೇ ಕಾರಣ.

ಶ್ವಾಸಕೋಶ: ಎರಡೂ ಭಾಗಗಳನ್ನು ಒತ್ತಿ ನೋಡಿ, ಅಲ್ಲಿನ ದುಗ್ಧಗ್ರಂಥಿಗಳನ್ನು ಸೀಳುತ್ತಾರೆ. ಗಟ್ಟಿಯಾದ ಭಾಗ ನ್ಯುಮೋನಿಯಾದ ಗುರುತು.

ಯಕೃತ್ತು: ಹಾಲು ಚೆಲ್ಲಿದಂಥ ಬಿಳಿ ಮಚ್ಚೆಗಳಿದ್ದರೆ ಅದು ದುಂಡು ಜಂತುಹುಳುವಿನ ಮರಿಗಳು ಹಾದುಹೋದ ಜಾಡು. ನೀರು ತುಂಬಿದ ದೊಡ್ಡ ಗುಳ್ಳೆಗಳಿದ್ದರೆ ಅವು ನಾಯಿಯ ಲಾಡಿಹುಳುವಿನವು.

ಮೂತ್ರಪಿಂಡ ಮತ್ತು ಗುಲ್ಮ: ಮೂತ್ರಪಿಂಡದ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕಿಗಳು ಹಂದಿಜ್ವರದ ಸೂಚನೆ. ಗುಲ್ಮ ಬಹಳ ಊದಿಕೊಂಡು ಕಪ್ಪಾಗಿದ್ದರೆ ಅಪಾಯದ ರೋಗವೆಂದು ತಿಳಿದು ಕೆಲಸ ನಿಲ್ಲಿಸಬೇಕು.

ವಪೆ ಮತ್ತು ದೇಹ: ವಪೆಯ ಸ್ನಾಯು, ಭುಜ, ಸೊಂಟ, ತೊಡೆಯ ಒಳಭಾಗದ ಸ್ನಾಯುಗಳಲ್ಲಿ ಗುಳ್ಳೆ ಹುಡುಕುತ್ತಾರೆ. ಕೀಲುಗಳಲ್ಲಿ ಊತ, ಮೈಯಲ್ಲಿ ಕೀವುಗಟ್ಟಿದ ಗಡ್ಡೆ, ಕಾಮಾಲೆಯ ಹಳದಿ ಬಣ್ಣ ಇವನ್ನೂ ಗಮನಿಸುತ್ತಾರೆ. ಯುರೋಪಿನ ದೇಶಗಳಲ್ಲಿ ವಪೆಯ ಚಿಕ್ಕ ತುಣುಕನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ಟ್ರೈಕಿನೆಲ್ಲ ಎಂಬ ಕಣ್ಣಿಗೆ ಕಾಣದ ಹುಳುವನ್ನೂ ಹುಡುಕುವ ಪದ್ಧತಿ ಇದೆ.

ಲಾಡಿಹುಳುವಿನ ಗುಳ್ಳೆಯನ್ನು ಗುರುತಿಸುವುದು ಕಷ್ಟವಲ್ಲ. ಅದು 5 ರಿಂದ 10 ಮಿಲಿಮೀಟರ್ ಉದ್ದದ, ಪಾರದರ್ಶಕವಾದ, ಮೊಟ್ಟೆಯಾಕಾರದ ಚೀಲ. ಒಳಗೆ ತಿಳಿನೀರು, ನಡುವೆ ಒಂದು ಬಿಳಿ ಚುಕ್ಕಿ. ಆ ಚುಕ್ಕಿಯೇ ಮುಂದೆ ಹುಳುವಿನ ತಲೆಯಾಗುವುದು. ಹಳೆಯ ಗುಳ್ಳೆಗಳು ಸತ್ತು ಸುಣ್ಣಗಟ್ಟಿ ಬಿಳಿ ಕಾಳುಗಳಂತೆ ಇರುತ್ತವೆ. ಕೊಬ್ಬಿನ ಚೂರು ಒತ್ತಿದರೆ ಜಿಡ್ಡಾಗುತ್ತದೆ, ಗುಳ್ಳೆ ಒತ್ತಿದರೆ ನೀರು ಚಿಮ್ಮುತ್ತದೆ. ಇದೇ ಸುಲಭ ವ್ಯತ್ಯಾಸ.

ತೀರ್ಪು

ತಪಾಸಣೆ ಮುಗಿದ ಮೇಲೆ ಅಧಿಕಾರಿ ಕೊಡುವ ತೀರ್ಪು ನಾಲ್ಕು ಬಗೆಯದು.

1. ಮಾನವ ಸೇವನೆಗೆ ಯೋಗ್ಯ. ಇದಕ್ಕೆ ಮುದ್ರೆ ಬೀಳುತ್ತದೆ.

2. ಒಂದು ಭಾಗ ಅಯೋಗ್ಯ. ಬಿಳಿ ಮಚ್ಚೆಯ ಯಕೃತ್ತು, ಕೀವಿನ ಗಡ್ಡೆ ಮುಂತಾದವುಗಳನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಿಡುತ್ತಾರೆ.

3. ಸಂಸ್ಕರಣೆಯ ನಂತರ ಯೋಗ್ಯ. ಕೆಲವೇ ಗುಳ್ಳೆಗಳಿರುವ ಮಾಂಸವನ್ನು ಕೆಲವು ದೇಶಗಳಲ್ಲಿ ಹಲವು ದಿನ ಗಡ್ಡೆಕಟ್ಟಿಸಿಟ್ಟು ಅಥವಾ ಮೇಲ್ವಿಚಾರಣೆಯಲ್ಲಿ ಬೇಯಿಸಿ ಬಿಡುತ್ತಾರೆ. ಅಂಥ ಶೀತಗೃಹ ಇಲ್ಲದ ಊರುಗಳಲ್ಲಿ ಈ ದಾರಿಯನ್ನು ಹಿಡಿಯಬಾರದು.

4. ಪೂರ್ತಿ ಅಯೋಗ್ಯ. ಮೈತುಂಬ ಗುಳ್ಳೆಗಳಿದ್ದರೆ, ರಕ್ತದಲ್ಲಿ ನಂಜೇರಿದ್ದರೆ, ದೇಹವೆಲ್ಲ ಹರಡಿದ ಕ್ಷಯವಿದ್ದರೆ ಇಡೀ ಹಂದಿಯನ್ನು ನಾಶಪಡಿಸಬೇಕು. ಸುಡಬೇಕು, ಇಲ್ಲವೆ ಬಾವಿ, ಹಳ್ಳಗಳಿಂದ ದೂರದಲ್ಲಿ ನಾಯಿ ಕೆದರದಷ್ಟು ಆಳವಾಗಿ ಸುಣ್ಣ ಹಾಕಿ ಹೂಳಬೇಕು.

ಚಾಕುವಿನ ಮಿತಿ

ಇಲ್ಲಿಯವರೆಗೆ ಹೇಳಿದ್ದನ್ನು ಓದಿ, ತಪಾಸಣೆ ಆದರೆ ಸಾಕು, ಮುಂದೆ ಚಿಂತೆಯಿಲ್ಲ ಎಂದು ಯಾರೂ ತಿಳಿಯಬಾರದು. ಮೈತುಂಬ ಗುಳ್ಳೆಗಳಿರುವ ಹಂದಿ ಚಾಕುವಿಗೆ ಸಿಕ್ಕೇ ಸಿಗುತ್ತದೆ. ಆದರೆ ಇಡೀ ದೇಹದಲ್ಲಿ ನಾಲ್ಕೈದು ಗುಳ್ಳೆಗಳಿದ್ದರೆ ಹತ್ತಾರು ಕಡೆ ಸೀಳಿದರೂ ಕಾಣದೆ ಹೋಗಬಹುದು. ನಾಲಗೆಯ ಪರೀಕ್ಷೆಯೂ ಹಾಗೆಯೇ. ಗುಳ್ಳೆ ಸಿಕ್ಕರೆ ರೋಗ ಖಚಿತ, ಸಿಗದಿದ್ದರೆ ರೋಗವಿಲ್ಲವೆಂದು ಖಚಿತವಲ್ಲ.

ಇನ್ನೊಂದು ತೊಡಕು ಹಣಕಾಸಿನದು. ಹಂದಿ ಪೂರ್ತಿ ಅಯೋಗ್ಯವಾದರೆ ಸಾಕಿದವರಿಗೆ ವರ್ಷದ ದುಡಿಮೆ ಹೋಗುತ್ತದೆ. ಪರಿಹಾರವಿಲ್ಲದೆ ಬರೀ ದಂಡನೆ ಇದ್ದರೆ ಸಾಕುವವರು ಮನೆಯಲ್ಲಿಯೇ ನಾಲಗೆ ಎಳೆದು ನೋಡಿ, ಒಳ್ಳೆಯ ಹಂದಿಯನ್ನು ಕಸಾಯಿಖಾನೆಗೆ ಕಳಿಸಿ, ಗುಳ್ಳೆಯಿದ್ದ ಹಂದಿಯನ್ನು ಊರ ಹೊರಗೆ ಗುಟ್ಟಾಗಿ ಕಡಿದು ಮಾರುತ್ತಾರೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹೀಗೆಯೇ ನಡೆದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಅಂದರೆ ತಪಾಸಣೆಯ ಬಾಗಿಲಿಗೆ ಬಂದದ್ದು ಶುದ್ಧ ಮಾಂಸ, ಬಡವರ ಗಡಿಗೆಗೆ ಹೋದದ್ದು ಗುಳ್ಳೆಯ ಮಾಂಸ. ಆದ್ದರಿಂದ ತಪಾಸಣೆ ಸಾಕುವವರನ್ನು ಹೆದರಿಸುವ ಕೆಲಸವಾಗಬಾರದು. ಗುಳ್ಳೆ ಸಿಕ್ಕ ಪ್ರತಿ ಹಂದಿ ಯಾವ ಓಣಿಯಿಂದ ಬಂತು ಎಂಬುದನ್ನು ಬರೆದಿಟ್ಟುಕೊಂಡು, ಆ ಓಣಿಗೆ ಆರೋಗ್ಯ ಕಾರ್ಯಕರ್ತರನ್ನು ಕಳಿಸಿದರೆ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಏಕೆಂದರೆ ಗುಳ್ಳೆಯಿರುವ ಹಂದಿ ಎಲ್ಲಿದೆಯೋ ಅದರ ಸುತ್ತಮುತ್ತ ಲಾಡಿಹುಳು ಹೊತ್ತ ಮನುಷ್ಯರೊಬ್ಬರು ಇದ್ದೇ ಇರುತ್ತಾರೆ. ಅವರಿಗೂ ಗೊತ್ತಿಲ್ಲದ ಆ ಸಂಗತಿಯನ್ನು ಹಂದಿಯ ಮಾಂಸ ಹೇಳುತ್ತದೆ.

ನಮ್ಮ ತಾಲೂಕುಗಳಲ್ಲಿ ಮಾಡಬೇಕಾದುದು

ರೋಣ, ನರಗುಂದ, ಗಜೇಂದ್ರಗಡ ಮೂರೂ ಪುರಸಭೆಯ ಊರುಗಳು. ಪಟ್ಟಣದ ಮಾಂಸ ವ್ಯಾಪಾರ ಮತ್ತು ನೈರ್ಮಲ್ಯದ ಹೊಣೆ ಪುರಸಭೆಯದು. ಸುತ್ತಲಿನದು ಎರಿ ಹೊಲದ ನಾಡು. ಜೋಳ, ಕಡಲೆ, ಉಳ್ಳಾಗಡ್ಡಿ ಇಲ್ಲಿನ ಬದುಕು. ನಮ್ಮ ಊಟದ ಒಂದು ರೂಢಿಯನ್ನು ಇಲ್ಲಿ ನೆನೆಯಬೇಕು. ರೊಟ್ಟಿಯ ಜೊತೆ ಹಸಿ ಮೆಂತ್ಯೆ, ಹಕ್ಕರಿಕೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ ತಿನ್ನುತ್ತೇವೆ. ಹೊಲದಲ್ಲಿ ಕಡಲೆ ಕುಡಿ, ಸುಲಗಾಯಿ ಕಿತ್ತು ಹಾಗೆಯೇ ಬಾಯಿಗೆ ಹಾಕುತ್ತೇವೆ. ಇದು ಒಳ್ಳೆಯ ಊಟ, ಬಿಡಬೇಕಾಗಿಲ್ಲ. ಆದರೆ ಆ ಹೊಲದ ಬದುವಿಗೆ ಜನ ಬಯಲಿಗೆ ಹೋಗುತ್ತಿದ್ದರೆ, ಆ ಸೊಪ್ಪಿಗೆ ಊರ ಚರಂಡಿಯ ನೀರು ಹರಿಯುತ್ತಿದ್ದರೆ, ಮೊಟ್ಟೆ ನಮ್ಮ ತಟ್ಟೆಗೆ ಬರಲು ಬೇರೆ ದಾರಿ ಬೇಕಿಲ್ಲ.

ಹಂದಿ ಸಾಕುವವರಿಗೆ

1. ಹಂದಿಗಳನ್ನು ಬಯಲಿಗೆ ಬಿಡದೆ ಕೊಟ್ಟಿಗೆಯಲ್ಲಿ ಸಾಕಿರಿ. ಈ ಒಂದು ಕೆಲಸ ಉಳಿದೆಲ್ಲಕ್ಕಿಂತ ದೊಡ್ಡದು. ಮಲ ತಿನ್ನದ ಹಂದಿಗೆ ಗುಳ್ಳೆಯಾಗುವುದು ಅಪರೂಪ.

2. ಹೋಟೆಲಿನ ಮುಸುರೆಯನ್ನು ಅರ್ಧ ಗಂಟೆ ಕುದಿಸಿ, ಆರಿಸಿ ಕೊಡಿ. ಕುದಿಸದ ಮುಸುರೆಯಿಂದ ಹಂದಿಜ್ವರ ಬರುತ್ತದೆ.

3. ಹಂದಿಜ್ವರದ ಲಸಿಕೆಯನ್ನು ಪಶುವೈದ್ಯರಿಂದ ಹಾಕಿಸಿ. ಲಾಡಿಹುಳುವಿನ ಗುಳ್ಳೆಗೂ ಹಂದಿಗಳಿಗೆ ಹಾಕುವ ಲಸಿಕೆಯನ್ನು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ತಯಾರಿಸಿದೆ. ಗುಳ್ಳೆಗಳನ್ನು ಕೊಲ್ಲುವ ಆಕ್ಸ್‌ಫೆಂಡಜೋಲ್ ಎಂಬ ಔಷಧಿಯೂ ಇದೆ. ಇವುಗಳ ಲಭ್ಯತೆ, ಪ್ರಮಾಣ, ಮತ್ತು ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕಡಿಯಬಾರದು ಎಂಬುದನ್ನು ಪಶುವೈದ್ಯರಿಂದ ತಿಳಿದುಕೊಳ್ಳಿರಿ.

ಕೊಳ್ಳುವವರಿಗೆ ಮತ್ತು ಅಡುಗೆ ಮಾಡುವವರಿಗೆ

1. ಜೀವಂತ ಹಂದಿ ಕೊಳ್ಳುವಾಗ ನಾಲಗೆ ನೋಡಿರಿ. ಹಂದಿಯನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಅಡ್ಡ ಕಟ್ಟಿಗೆ ಕೊಟ್ಟು, ಬಟ್ಟೆಯಿಂದ ನಾಲಗೆ ಹಿಡಿದೆಳೆದು ತಳಭಾಗವನ್ನು ಬೆರಳಿನಿಂದ ಸವರಿ ನೋಡಬೇಕು. ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು.

2. ಮಾಂಸವನ್ನು ಸಣ್ಣ ತುಂಡು ಮಾಡಿ, ಒಳಗಿನ ನಸುಗೆಂಪು ಪೂರ್ತಿ ಹೋಗುವವರೆಗೆ ಕುದಿಸಿರಿ. ದೊಡ್ಡ ತುಂಡುಗಳನ್ನು ಬೆಂಕಿಯಲ್ಲಿ ಸುಟ್ಟಾಗ ಹೊರಗೆ ಕರಿದಾಗಿ ಒಳಗೆ ಹಸಿಯಾಗಿ ಉಳಿಯುವುದುಂಟು.

3. ಉಪ್ಪು ಖಾರ ಹಚ್ಚಿ ಒಂದೆರಡು ದಿನ ಇಟ್ಟ ಮಾತ್ರಕ್ಕೆ ಗುಳ್ಳೆ ಸಾಯುವುದಿಲ್ಲ. ಫ್ರಿಜ್ಜಿನ ತಂಪಿನಲ್ಲಿಯೂ ಸಾಯುವುದಿಲ್ಲ.

ತರಕಾರಿ ಬೆಳೆಯುವವರಿಗೆ

1. ಹಸಿಯಾಗಿ ತಿನ್ನುವ ಸೊಪ್ಪು, ಗಡ್ಡೆಗಳಿಗೆ ಚರಂಡಿ ನೀರು ಹಾಯಿಸಬೇಡಿ. ಹುಬ್ಬಳ್ಳಿ-ಧಾರವಾಡದ ಹೊರವಲಯದಲ್ಲಿ ಕೊಳಚೆ ನೀರಿನ ಬೇಸಾಯ ದಶಕಗಳಿಂದ ನಡೆದುಬಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿದ್ದಾರೆ. ಅಂಥ ನೀರು ಬಿಟ್ಟರೆ ಗತಿಯಿಲ್ಲ ಎನ್ನುವವರು ಹತ್ತಿ ಅಥವಾ ಕಟ್ಟಿಗೆ ಕೊಡುವ ಮರಗಳನ್ನು ಆರಿಸಿಕೊಳ್ಳಲಿ. ಮೇವಿಗೂ ಬೇಡ, ಏಕೆಂದರೆ ದನಗಳಿಗೆ ಬರುವ ಇನ್ನೊಂದು ಜಾತಿಯ ಲಾಡಿಹುಳು ಆ ದಾರಿಯಿಂದ ಬರುತ್ತದೆ.

2. ಶೌಚಗುಂಡಿಯ ಹೂಳನ್ನು ಹಸಿಯಾಗಿ ಹೊಲಕ್ಕೆ ಸುರಿಯಬೇಡಿ. ನಮ್ಮ ಬಿಸಿಲಿನಲ್ಲಿಯೂ ಅದು ಒಂದು ವರ್ಷಕ್ಕೂ ಮಿಕ್ಕಿ ಒಣಗಿ ಕಳಿಯಬೇಕು. ಕಂಪೋಸ್ಟ್ ಮಾಡುವುದಾದರೆ ರಾಶಿಯ ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಲ್ಲಬೇಕು. ಹೊರಗಿನ ಪದರ ಒಳಗೆ ಬರುವಂತೆ ರಾಶಿಯನ್ನು ಹಲವು ಸಲ ಮಗುಚಬೇಕು.

3. ಸೊಪ್ಪನ್ನು ಹರಿಯುವ ಶುದ್ಧ ನೀರಿನಲ್ಲಿ ಎಲೆ ಎಲೆಯಾಗಿ ಹಲವು ಸಲ ತೊಳೆಯಬೇಕು. ಉಪ್ಪುನೀರು, ಬ್ಲೀಚಿಂಗ್ ಪುಡಿ ಈ ಮೊಟ್ಟೆಗಳನ್ನು ಕೊಲ್ಲಲಾರವು. ತೊಳೆದು ಕಳೆಯುವುದು ಅಥವಾ ಬೇಯಿಸುವುದು ಎರಡೇ ದಾರಿ.

ಎಲ್ಲರಿಗೂ

1. ಶೌಚಾಲಯವನ್ನು ಕಟ್ಟಿದರೆ ಸಾಲದು, ಬಳಸಬೇಕು. ಹೊಲದಲ್ಲಿ ದುಡಿಯುವಾಗ ಅನಿವಾರ್ಯವಾದರೆ ಗುಣಿ ತೋಡಿ ಮಣ್ಣು ಮುಚ್ಚಬೇಕು.

2. ಊಟಕ್ಕೆ, ಅಡುಗೆಗೆ ಮುಂಚೆ ಸಾಬೂನಿನಿಂದ ಕೈ ತೊಳೆಯಬೇಕು. ಮನೆಯಲ್ಲಿ ಅಡುಗೆ ಮಾಡುವವರಲ್ಲಿ ಹುಳು ಇದ್ದರೆ ಮನೆಮಂದಿಗೆಲ್ಲ ಅಪಾಯ.

3. ಮಲದಲ್ಲಿ ಬಿಳಿ ಚಪ್ಪಟೆ ತುಂಡುಗಳು ಕಂಡರೆ ನಾಚದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಲಾಡಿಹುಳುವಿನ ಮಾತ್ರೆಯನ್ನು ತಾವಾಗಿ ಕೊಂಡು ನುಂಗಬೇಡಿ. ಮಿದುಳಿನಲ್ಲಿ ಗುಳ್ಳೆಗಳಿದ್ದರೆ ಆ ಮಾತ್ರೆಯಿಂದಲೇ ತೊಂದರೆ ಹೆಚ್ಚಬಹುದು.

4. ಮೂರ್ಛೆ ಬಂದವರನ್ನು ದೆವ್ವ, ಶಾಪ ಎಂದು ಅಲೆದಾಡಿಸದೆ ವೈದ್ಯರಿಗೆ ತೋರಿಸಿರಿ.

ಕುರಿ ಮೇಕೆ ಕಡಿಯುವವರಿಗೆ ಒಂದು ಮಾತು. ನಮ್ಮಲ್ಲಿ ಕುರಿ ಮಾಂಸದ ಬಳಕೆಯೂ ಇದೆ. ಕುರಿಯ ಯಕೃತ್ತು, ಶ್ವಾಸಕೋಶಗಳಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ನೀರುಗುಳ್ಳೆಗಳು ಸಿಕ್ಕರೆ ಅವು ನಾಯಿಯ ಲಾಡಿಹುಳುವಿನವು. ಅವನ್ನು ನಾಯಿಗೆ ಎಸೆದರೆ ಅದರ ಹೊಟ್ಟೆಯಲ್ಲಿ ಹುಳುವಾಗಿ, ಅದರ ಮಲದಿಂದ ಕುರಿಗಾರರಿಗೂ ಮಕ್ಕಳಿಗೂ ಬರುತ್ತದೆ. ನಾಯಿಗೆ ಹಾಕದೆ ಸುಡುವುದು ಅಥವಾ ಆಳವಾಗಿ ಹೂಳುವುದು ಕ್ಷೇಮ.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಎತ್ತಬೇಕು. ಪಶುವೈದ್ಯರು, ಆರೋಗ್ಯ ಕಾರ್ಯಕರ್ತರು, ಪುರಸಭೆಯವರು ಮತ್ತು ಕೃಷಿ ಇಲಾಖೆಯವರು ಒಂದೇ ವೇದಿಕೆಯಲ್ಲಿ ಕೂತು ಮಾತಾಡದಿದ್ದರೆ ಈ ರೋಗ ನಾಲ್ವರ ನಡುವಿನಿಂದ ನುಸುಳಿಕೊಂಡು ಹೋಗುತ್ತದೆ. ಹೆಚ್ಚಿನ ಮಾಹಿತಿಗೆ ಹತ್ತಿರದ ಪಶು ಚಿಕಿತ್ಸಾಲಯ, ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯ ಅಥವಾ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಮುಂದಿನ ಹಂಗಾಮಿನಲ್ಲಿ ಅದೇ ಹಳ್ಳಿಗೆ ಹೋದಾಗ ಆ ಹಿರಿಯರನ್ನು ಹುಡುಕಿ ಹೇಳಿದೆ: "ಯಜಮಾನರ, ನಿಮ್ಮ ಮೊಮ್ಮಗಗ ಅದು ಹಂದಿಯಿಂದ ಬಂದದ್ದಲ್ಲ. ಯಾರದೋ ಹೊಟ್ಟ್ಯಾಗಿನ ಹುಳದ ಮೊಟ್ಟಿ, ಮಣ್ಣಾಗ ಬಿದ್ದು, ತಪ್ಪಲದಾಗೋ ಕೈಯಾಗೋ ಕೂತು ಬಾಯಿಗೆ ಬಂದದ್ದು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಹಂದಿ ಕಡಿಯೋ ಮನಿ ನೋಡಾಕ ಡಾಕ್ಟರ ಬೇಕು, ನಮ್ಮ ಹೊಲದ ಬದು ನೋಡಾಕ ನಾವೇ ಬೇಕು" ಎಂದರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿದ್ದೂ ಅಷ್ಟೇ.